ಕ್ಯಾಮ್‌ಕಾರ್ಡರ್ ಕ್ಯಾಸೆಟ್ಟುಗಳ ದೃಶ್ಯಗಳನ್ನು ಗಣಕಯಂತ್ರಕ್ಕೆ ವರ್ಗಾಯಿಸುವಾಗ ಎದುರಾಗುವ ತೊಂದರೆಗಳು ಮತ್ತು ಪರಿಹಾರ ಕ್ರಮಗಳು

1. ಪೀಠಿಕೆ

1990ರ ದಶಕದ ಉತ್ತರಾರ್ಧದಿಂದ 2000ರ ದಶಕದ ಕೊನೆಯವರೆಗೆ ಅನೇಕ ಕುಟುಂಬಗಳು, ಶಾಲೆಗಳು, ಸಂಘ ಸಂಸ್ಥೆಗಳು ಹಾಗೂ ಕಚೇರಿಗಳು ತಮ್ಮ ಸಮಾರಂಭಗಳನ್ನು ಕ್ಯಾಸೆಟ್ ಬಳಸುವ ಕ್ಯಾಮ್‌ಕಾರ್ಡರ್‌ಗಳಲ್ಲಿ ಚಿತ್ರೀಕರಿಸಿಕೊಂಡಿವೆ. ಮದುವೆ, ನಾಮಕರಣ, ಊರ ಜಾತ್ರೆ, ಶಾಲಾ ವಾರ್ಷಿಕೋತ್ಸವ, ಯಕ್ಷಗಾನ ಪ್ರದರ್ಶನ, ಹಿರಿಯರ ಸಂದರ್ಶನ ಮುಂತಾದವು ಇವುಗಳಲ್ಲಿ ಸೇರಿವೆ. ಇಂತಹ ಬಹುಪಾಲು ಕ್ಯಾಸೆಟ್ಟುಗಳಿಗೆ ಎರಡನೆಯ ಪ್ರತಿ ಇರುವುದಿಲ್ಲ. ಅವುಗಳಲ್ಲಿ ಕಾಣುವ, ಮಾತನಾಡುವ ಹಿರಿಯರಲ್ಲಿ ಹಲವರು ಇಂದು ಬದುಕಿಲ್ಲ.

ಕಾಂತೀಯ ಟೇಪಿನ ಆಯುಷ್ಯವು ಸೀಮಿತವಾದುದು. ಅದನ್ನು ಓಡಿಸುವ ಯಂತ್ರಗಳೂ ವಿರಳವಾಗುತ್ತಿವೆ. ವಿಎಚ್‌ಎಸ್ ರೆಕಾರ್ಡರ್‌ಗಳನ್ನು ಕೊನೆಯವರೆಗೂ ತಯಾರಿಸುತ್ತಿದ್ದ ಜಪಾನಿನ ಫುನಾಯ್ ಕಂಪನಿಯು 2016ರ ಜುಲೈ ತಿಂಗಳಿನಲ್ಲಿ ಉತ್ಪಾದನೆಯನ್ನು ನಿಲ್ಲಿಸಿತು. ಕ್ಯಾಮ್‌ಕಾರ್ಡರ್ ಜೋಡಣೆಗೆ ಬೇಕಾದ ಫೈರ್‌ವೈರ್ ಸೌಲಭ್ಯವನ್ನು ಆಪಲ್ ಕಂಪನಿಯು 2025ರಲ್ಲಿ ಬಿಡುಗಡೆಯಾದ ಮ್ಯಾಕ್ ಓಎಸ್ ತಾಹೋ ಆವೃತ್ತಿಯಲ್ಲಿ ಕೈಬಿಟ್ಟಿದೆ. ಆಸ್ಟ್ರೇಲಿಯಾದ ರಾಷ್ಟ್ರೀಯ ಚಲನಚಿತ್ರ ಮತ್ತು ಧ್ವನಿ ಸಂಗ್ರಹಾಲಯವು 2015ರಷ್ಟು ಹಿಂದೆಯೇ, 2025ರ ವೇಳೆಗೆ ಡಿಜಿಟಲ್ ರೂಪಕ್ಕೆ ತರದ ಟೇಪುಗಳು ಬಹುತೇಕ ಕೈತಪ್ಪುವ ಸಂಭವವಿದೆ ಎಂದು ಎಚ್ಚರಿಸಿತ್ತು. ಆದುದರಿಂದ ವರ್ಗಾವಣೆಯ ಕಾರ್ಯವನ್ನು ಮುಂದೂಡುವುದು ಸೂಕ್ತವಲ್ಲ.

ವರ್ಗಾವಣೆ ವಿಫಲವಾದಾಗ ಕ್ಯಾಸೆಟ್ಟೇ ಕೆಟ್ಟಿದೆ ಎಂದು ಭಾವಿಸಿ ಅದನ್ನು ಎಸೆಯುವುದು, ಇಲ್ಲವೇ ಅದೇ ಕ್ಯಾಸೆಟ್ಟನ್ನು ಪುನಃ ಪುನಃ ಓಡಿಸಿ ಸವೆಸುವುದು ಸಾಮಾನ್ಯವಾಗಿ ಕಂಡುಬರುವ ತಪ್ಪುಗಳು. ಅನೇಕ ಸಂದರ್ಭಗಳಲ್ಲಿ ದೋಷವು ಕೇಬಲ್, ಕ್ಯಾಮೆರಾದ ಹೆಡ್ ಅಥವಾ ಗಣಕಯಂತ್ರದಲ್ಲಿರುತ್ತದೆ. ದೋಷದ ಸ್ಥಳವನ್ನು ಮೊದಲು ಪತ್ತೆ ಮಾಡಿ, ನಂತರ ಮೂಲ ಕ್ಯಾಸೆಟ್ಟನ್ನು ಓಡಿಸಲು ಅನುಕೂಲವಾಗುವಂತೆ ಈ ಮಾಹಿತಿಯನ್ನು ಸಿದ್ಧಪಡಿಸಲಾಗಿದೆ.

2. ಕ್ಯಾಸೆಟ್ಟಿನ ಬಗೆಯನ್ನು ಗುರುತಿಸುವುದು

ವರ್ಗಾವಣೆಯ ವಿಧಾನವು ಕ್ಯಾಸೆಟ್ಟಿನ ಬಗೆಯನ್ನು ಅವಲಂಬಿಸಿರುತ್ತದೆ. ಮುಖ್ಯವಾದ ಬಗೆಗಳು ಈ ಕೆಳಕಂಡಂತಿವೆ.

(ಅ) ಮಿನಿ ಡಿವಿ: 1995ರಲ್ಲಿ ಬಳಕೆಗೆ ಬಂದ ಡಿಜಿಟಲ್ ಕ್ಯಾಸೆಟ್. ಟೇಪಿನ ಅಗಲ 6.35 ಮಿಲಿಮೀಟರ್. ಸಾಮಾನ್ಯ ವೇಗದಲ್ಲಿ, ಅಂದರೆ ಎಸ್‌ಪಿ ಕ್ರಮದಲ್ಲಿ 60 ನಿಮಿಷ ಹಾಗೂ ನಿಧಾನ ವೇಗದ ಎಲ್‌ಪಿ ಕ್ರಮದಲ್ಲಿ 90 ನಿಮಿಷ ಮುದ್ರಿಸಬಹುದು. ಇದರ ವರ್ಗಾವಣೆಗೆ ಫೈರ್‌ವೈರ್ ಜೋಡಣೆ ಅಗತ್ಯ.

(ಆ) ಡಿಜಿಟಲ್-8: 8 ಮಿಲಿಮೀಟರ್ ಅಗಲದ ಕ್ಯಾಸೆಟ್ಟಿನಲ್ಲಿ ಡಿವಿ ಸಂಕೇತವನ್ನೇ ಮುದ್ರಿಸುವ ಪದ್ಧತಿ. ಇದಕ್ಕೂ ಫೈರ್‌ವೈರ್ ಜೋಡಣೆ ಬೇಕು.

(ಇ) ವಿಡಿಯೋ-8, ಹೈ-8 ಮತ್ತು ವಿಎಚ್‌ಎಸ್-ಸಿ: ಇವು ಅನಲಾಗ್ ಕ್ಯಾಸೆಟ್ಟುಗಳು. ಹಳದಿ, ಬಿಳಿ ಮತ್ತು ಕೆಂಪು ಪಿನ್ನುಗಳ ಎವಿ ಕೇಬಲ್ ಮೂಲಕ, ಸಂಕೇತವನ್ನು ಡಿಜಿಟಲ್ ರೂಪಕ್ಕೆ ಪರಿವರ್ತಿಸುವ ಕ್ಯಾಪ್ಚರ್ ಸಾಧನದ ನೆರವಿನಿಂದ ವರ್ಗಾಯಿಸಬೇಕು. ಡಿಜಿಟಲ್-8 ಕ್ಯಾಮೆರಾಗಳ ಪೈಕಿ ಕೆಲವು ಮಾದರಿಗಳು ಹೈ-8 ಕ್ಯಾಸೆಟ್ಟನ್ನು ಓದಿ ಫೈರ್‌ವೈರ್ ಮೂಲಕ ಕಳುಹಿಸಬಲ್ಲವು. ಎಲ್ಲ ಮಾದರಿಗಳಲ್ಲಿ ಈ ಸೌಲಭ್ಯವಿಲ್ಲ.

(ಈ) ಎಚ್‌ಡಿವಿ: ಮಿನಿ ಡಿವಿ ಕ್ಯಾಸೆಟ್ಟಿನಲ್ಲಿಯೇ ಹೆಚ್ಚಿನ ಸ್ಪಷ್ಟತೆಯ ದೃಶ್ಯವನ್ನು ಮುದ್ರಿಸುವ ಪದ್ಧತಿ. ಕ್ಯಾಸೆಟ್ಟಿನ ಹೊರರೂಪದಿಂದ ಇದನ್ನು ಗುರುತಿಸಲಾಗದು. ಎಚ್‌ಡಿವಿ ಕ್ಯಾಮೆರಾದಿಂದಲೇ ಓಡಿಸಬೇಕು.

3. ಕಾರ್ಯಾರಂಭಕ್ಕೆ ಮುನ್ನ ವಹಿಸಬೇಕಾದ ಎಚ್ಚರಿಕೆಗಳು

(1) ಕ್ಯಾಸೆಟ್ಟಿನ ಅಂಚಿನಲ್ಲಿರುವ ಸಣ್ಣ ಗುಂಡಿಯನ್ನು ‘ಸೇವ್’ ಕಡೆಗೆ ಸರಿಸತಕ್ಕದ್ದು. ಇದರಿಂದ ಆಕಸ್ಮಿಕವಾಗಿ ಮರುಮುದ್ರಣವಾಗಿ ಹಳೆಯ ದೃಶ್ಯ ಅಳಿಸಿಹೋಗುವುದು ತಪ್ಪುತ್ತದೆ. ವಿಎಚ್‌ಎಸ್-ಸಿ ಕ್ಯಾಸೆಟ್ಟುಗಳಲ್ಲಿ ಇದಕ್ಕಾಗಿ ಮುರಿಯುವ ಅಥವಾ ಸರಿಸುವ ಪಟ್ಟಿ ಇರುತ್ತದೆ.

(2) ಕ್ಯಾಸೆಟ್ಟಿನ ಕಿಂಡಿಯಿಂದ ಟೇಪಿನ ಸುರುಳಿಯನ್ನು ಬೆಳಕಿನಲ್ಲಿ ಪರಿಶೀಲಿಸಬೇಕು. ಸುರುಳಿಯ ಮೇಲೆ ಬಿಳಿ ಪುಡಿಯಂತಹ ಕಲೆ ಕಂಡುಬಂದಲ್ಲಿ ಅದು ಬೂಷ್ಟು. ಕರಾವಳಿ ಹಾಗೂ ಮಲೆನಾಡಿನ ತೇವದ ಹವೆಯಲ್ಲಿ ಇಟ್ಟ ಕ್ಯಾಸೆಟ್ಟುಗಳಿಗೆ ಈ ಅಪಾಯ ಹೆಚ್ಚು. ಬೂಷ್ಟು ಹಿಡಿದ ಕ್ಯಾಸೆಟ್ಟನ್ನು ಯಾವುದೇ ಕಾರಣಕ್ಕೂ ಓಡಿಸಬಾರದು. ಬೂಷ್ಟು ಹೆಡ್‌ಗೆ ಅಂಟಿಕೊಂಡು, ನಂತರ ಹಾಕುವ ಒಳ್ಳೆಯ ಕ್ಯಾಸೆಟ್ಟುಗಳಿಗೂ ಹರಡುತ್ತದೆ. ಅಂತಹವನ್ನು ಪ್ರತ್ಯೇಕವಾಗಿರಿಸಿ, ಟೇಪು ಶುಚಿಗೊಳಿಸುವ ಅನುಭವವುಳ್ಳ ತಂತ್ರಜ್ಞರಿಗೆ ಒಪ್ಪಿಸುವುದು ಸೂಕ್ತ.

(3) ಕ್ಯಾಮೆರಾ ಪರದೆಯಲ್ಲಿ ತೇವಾಂಶದ ಸೂಚನೆ ಬಂದಲ್ಲಿ ಕ್ಯಾಸೆಟ್ಟನ್ನು ಹೊರತೆಗೆದು, ಮುಚ್ಚಳ ತೆರೆದು, ಕನಿಷ್ಠ ಒಂದು ಗಂಟೆ ಕಾಯಬೇಕು. ಹವಾನಿಯಂತ್ರಿತ ಕೊಠಡಿಯಿಂದ ಹೊರತಂದ ಕೂಡಲೇ ಕ್ಯಾಮೆರಾ ಬಳಸಿದರೆ ಒದ್ದೆಯಾದ ಡ್ರಮ್ಮಿಗೆ ಟೇಪು ಅಂಟಿಕೊಂಡು ಹರಿಯುವ ಸಂಭವವಿರುತ್ತದೆ.

(4) ಮಹತ್ವವಿಲ್ಲದ ದೃಶ್ಯವಿರುವ ಒಂದು ಕ್ಯಾಸೆಟ್ಟನ್ನು ಪರೀಕ್ಷಾ ಕ್ಯಾಸೆಟ್ ಎಂದು ಬೇರೆಯಾಗಿಡಬೇಕು. ಜೋಡಣೆ, ತಂತ್ರಾಂಶ ಮತ್ತು ಧ್ವನಿ ಇವೆಲ್ಲವನ್ನೂ ಆ ಕ್ಯಾಸೆಟ್ಟಿನಲ್ಲಿ ಸರಿಪಡಿಸಿಕೊಂಡ ನಂತರವೇ ಮೂಲ ಕ್ಯಾಸೆಟ್ಟನ್ನು ಹಾಕತಕ್ಕದ್ದು.

(5) ಕ್ಯಾಮೆರಾವನ್ನು ಬ್ಯಾಟರಿಯ ಬದಲು ಅಡಾಪ್ಟರ್ ಮೂಲಕ ವಿದ್ಯುತ್ತಿಗೆ ಜೋಡಿಸಬೇಕು. ವಿದ್ಯುತ್ ಕಡಿತದ ಸಂಭವವಿದ್ದಲ್ಲಿ ಯುಪಿಎಸ್ ಬಳಸುವುದು ಒಳಿತು.

4. ದೋಷದ ಸ್ಥಳವನ್ನು ಪತ್ತೆ ಮಾಡುವ ಕ್ರಮ

ದೃಶ್ಯದಲ್ಲಿ ದೋಷ ಕಂಡುಬಂದಾಗ ಮೊದಲು ನೋಡಬೇಕಾದುದು ಕ್ಯಾಮೆರಾದ ಸ್ವಂತ ಕಿರುಪರದೆಯನ್ನು.

(ಅ) ಕಿರುಪರದೆಯಲ್ಲಿ ದೃಶ್ಯ ಸರಿಯಾಗಿದ್ದು ಗಣಕಯಂತ್ರದಲ್ಲಿ ಮಾತ್ರ ದೋಷವಿದ್ದರೆ, ಟೇಪು ಮತ್ತು ಹೆಡ್ ಸರಿಯಾಗಿವೆ ಎಂದರ್ಥ. ಕೇಬಲ್, ಜೋಡಣೆಯ ಕಿಂಡಿ, ಡ್ರೈವರ್ ತಂತ್ರಾಂಶ ಅಥವಾ ಹಾರ್ಡ್ ಡಿಸ್ಕನ್ನು ಪರಿಶೀಲಿಸಬೇಕು. ಇದಕ್ಕೆ ಪರೀಕ್ಷಾ ಕ್ಯಾಸೆಟ್ ಸಾಕು.

(ಆ) ಕಿರುಪರದೆಯಲ್ಲಿಯೂ ದೋಷವಿದ್ದರೆ ಪರೀಕ್ಷಾ ಕ್ಯಾಸೆಟ್ ಹಾಕಿ ನೋಡಬೇಕು. ಅದರಲ್ಲಿಯೂ ಅದೇ ದೋಷ ಕಂಡರೆ ಕ್ಯಾಮೆರಾದ ಹೆಡ್ ಕೊಳೆಯಾಗಿರುವ ಅಥವಾ ಸವೆದಿರುವ ಸಾಧ್ಯತೆ ಹೆಚ್ಚು.

(ಇ) ಪರೀಕ್ಷಾ ಕ್ಯಾಸೆಟ್ ಸರಿಯಾಗಿ ಕಂಡು ಮೂಲ ಕ್ಯಾಸೆಟ್ಟಿನಲ್ಲಿ ಮಾತ್ರ ದೋಷವಿದ್ದರೆ, ಆ ಟೇಪಿನಲ್ಲಿ ದೋಷವಿದೆ ಅಥವಾ ಅದನ್ನು ಬೇರೆ ಕ್ಯಾಮೆರಾದಲ್ಲಿ ಮುದ್ರಿಸಲಾಗಿದೆ ಎಂದು ತಿಳಿಯಬೇಕು.

ಈ ಮೂರು ಪರೀಕ್ಷೆಗಳಿಗೆ ಕೆಲವೇ ನಿಮಿಷಗಳು ಸಾಕಾಗುತ್ತವೆ. ಮುಂದಿನ ಕ್ರಮಗಳೆಲ್ಲವೂ ಇದರ ಫಲಿತಾಂಶವನ್ನು ಅವಲಂಬಿಸಿರುತ್ತವೆ.

5. ಗಣಕಯಂತ್ರವು ಕ್ಯಾಮೆರಾವನ್ನು ಗುರುತಿಸದಿರುವುದು

(1) ಕ್ಯಾಮೆರಾದ ಗುಂಡಿಯು ಚಿತ್ರೀಕರಣ ಕ್ರಮದಲ್ಲಿರದೆ ‘ಪ್ಲೇ’ ಅಥವಾ ‘ವಿಸಿಆರ್’ ಕ್ರಮದಲ್ಲಿರಬೇಕು.

(2) ಮಿನಿ ಡಿವಿ ಕ್ಯಾಮೆರಾಗಳಲ್ಲಿ ಯುಎಸ್‌ಬಿ ಕಿಂಡಿ ಇದ್ದರೂ, ಬಹುತೇಕ ಮಾದರಿಗಳಲ್ಲಿ ಅದು ಮೆಮೊರಿ ಕಾರ್ಡಿನಲ್ಲಿರುವ ಸ್ಥಿರಚಿತ್ರಗಳಿಗೆ ಅಥವಾ ಕಡಿಮೆ ಗುಣಮಟ್ಟದ ದೃಶ್ಯಕ್ಕೆ ಸೀಮಿತ. ಟೇಪಿನ ಪೂರ್ಣ ಗುಣಮಟ್ಟದ ದೃಶ್ಯವು ‘ಡಿವಿ’ ಅಥವಾ ‘ಐ.ಲಿಂಕ್’ ಎಂದು ಬರೆದ ಕಿಂಡಿಯಿಂದ ಬರುತ್ತದೆ. ಐ.ಲಿಂಕ್ ಎಂಬುದು ಫೈರ್‌ವೈರ್‌ಗೆ ಸೋನಿ ಕಂಪನಿ ಇಟ್ಟ ಹೆಸರು. ಎರಡೂ ಐಇಇಇ 1394 ಎಂಬ ಒಂದೇ ಮಾನಕಕ್ಕೆ ಸೇರಿವೆ.

(3) ಒಂದು ತುದಿಯಲ್ಲಿ ಫೈರ್‌ವೈರ್, ಇನ್ನೊಂದು ತುದಿಯಲ್ಲಿ ಯುಎಸ್‌ಬಿ ಪಿನ್ನಿರುವ ಅಗ್ಗದ ಕೇಬಲ್‌ಗಳು ಮಾರುಕಟ್ಟೆಯಲ್ಲಿ ದೊರೆಯುತ್ತವೆ. ಇವೆರಡರ ಸಂಕೇತ ಪದ್ಧತಿಗಳು ಬೇರೆ ಬೇರೆಯಾದುದರಿಂದ ಇಂತಹ ಕೇಬಲ್‌ನಿಂದ ಡಿವಿ ವರ್ಗಾವಣೆ ಸಾಧ್ಯವಿಲ್ಲ. ಡೆಸ್ಕ್‌ಟಾಪ್ ಗಣಕಯಂತ್ರಕ್ಕೆ ಫೈರ್‌ವೈರ್ ಕಾರ್ಡ್ ಅಳವಡಿಸುವುದು ಅಥವಾ ಫೈರ್‌ವೈರ್ ಕಿಂಡಿಯಿರುವ ಹಳೆಯ ಗಣಕಯಂತ್ರವನ್ನು ಬಳಸುವುದು ಸರಿಯಾದ ಮಾರ್ಗ. ಹಳೆಯ ಗಣಕಯಂತ್ರಗಳಿಗೆ ಸುರಕ್ಷತಾ ಪರಿಷ್ಕರಣೆಗಳು ನಿಂತಿರುವುದರಿಂದ ಅವನ್ನು ಅಂತರಜಾಲಕ್ಕೆ ಜೋಡಿಸದೆ ಈ ಕೆಲಸಕ್ಕೆ ಮಾತ್ರ ಬಳಸಬೇಕು.

(4) ಫೈರ್‌ವೈರ್ ಪಿನ್ನುಗಳಲ್ಲಿ 4, 6 ಮತ್ತು 9 ತಂತಿಗಳ ಮೂರು ಬಗೆಗಳಿವೆ. ಕ್ಯಾಮೆರಾದ ಕಡೆ ಸಾಮಾನ್ಯವಾಗಿ 4 ತಂತಿಗಳದು ಇರುತ್ತದೆ. 6 ತಂತಿಗಳ ಪಿನ್ನಿನಲ್ಲಿ ವಿದ್ಯುತ್ತೂ ಹರಿಯುವುದರಿಂದ ಅದನ್ನು ತಿರುಗುಮುರುಗಾಗಿ ಒತ್ತಿದರೆ ಕಿಂಡಿ ಸುಟ್ಟುಹೋಗಬಹುದು. ಕ್ಯಾಮೆರಾ ಮತ್ತು ಗಣಕಯಂತ್ರ ಎರಡನ್ನೂ ಆರಿಸಿ ಕೇಬಲ್ ಜೋಡಿಸುವುದು ಕ್ಷೇಮ. ಕೇಬಲ್‌ನ ಉದ್ದ 4.5 ಮೀಟರ್ ಮೀರಬಾರದು.

(5) ವಿಂಡೋಸ್ 7ರಿಂದ ಮೈಕ್ರೋಸಾಫ್ಟ್ ಕಂಪನಿಯು ಫೈರ್‌ವೈರ್‌ಗೆ ಹೊಸ ಡ್ರೈವರ್ ನೀಡಿತು. ಕೆಲವು ಕಾರ್ಡುಗಳು ಇದರೊಡನೆ ಹೊಂದುವುದಿಲ್ಲ. ಅಂತಹ ಸಂದರ್ಭದಲ್ಲಿ ‘ಡಿವೈಸ್ ಮ್ಯಾನೇಜರ್’ನಲ್ಲಿ ‘ಲೆಗಸಿ’ ಎಂದು ಗುರುತಿಸಿದ ಹಳೆಯ ಡ್ರೈವರ್ ಆಯ್ಕೆ ಮಾಡಿದರೆ ತೊಂದರೆ ನಿವಾರಣೆಯಾಗುವುದುಂಟು. ವಿಂಡೋಸ್ 8 ಮತ್ತು ನಂತರದ ಆವೃತ್ತಿಗಳಲ್ಲಿ ಈ ಹಳೆಯ ಡ್ರೈವರನ್ನು ಪ್ರತ್ಯೇಕವಾಗಿ ಅಳವಡಿಸಬೇಕಾಗುತ್ತದೆ.

(6) ಎಚ್‌ಡಿವಿ ಕ್ಯಾಮೆರಾದಲ್ಲಿ ಟೇಪಿನ ಬಗೆಗೆ ತಕ್ಕಂತೆ ‘ಎಚ್‌ಡಿವಿ’ ಅಥವಾ ‘ಡಿವಿ’ ಎಂಬ ಆಯ್ಕೆಯನ್ನು ಕೇಬಲ್ ಜೋಡಿಸುವ ಮೊದಲೇ ನಿಗದಿಪಡಿಸಬೇಕು.

6. ವರ್ಗಾವಣೆಯು ಮಧ್ಯದಲ್ಲಿ ನಿಂತುಹೋಗುವುದು

ವರ್ಗಾವಣೆ ಎಷ್ಟು ನಿಮಿಷಕ್ಕೆ ನಿಂತಿತು ಎಂಬುದನ್ನು ಬರೆದಿಟ್ಟುಕೊಳ್ಳಬೇಕು. ಕಾರಣವು ಬಹುತೇಕ ಅದರಿಂದಲೇ ತಿಳಿಯುತ್ತದೆ.

(1) ಪ್ರತಿ ಬಾರಿಯೂ ಸುಮಾರು 20ನೇ ನಿಮಿಷಕ್ಕೆ ನಿಂತರೆ, ಹಾರ್ಡ್ ಡಿಸ್ಕ್ ಫ್ಯಾಟ್-32 ವಿನ್ಯಾಸದಲ್ಲಿದೆ ಎಂದು ತಿಳಿಯಬೇಕು. ಈ ವಿನ್ಯಾಸದಲ್ಲಿ ಒಂದು ಕಡತವು 4 ಜಿಬಿ ಮೀರುವಂತಿಲ್ಲ. ಡಿವಿ ದೃಶ್ಯವು ಸೆಕೆಂಡಿಗೆ 36 ಲಕ್ಷ ಬೈಟುಗಳಷ್ಟು ಸ್ಥಳ ತೆಗೆದುಕೊಳ್ಳುವುದರಿಂದ 20 ನಿಮಿಷಕ್ಕೆ ಆ ಮಿತಿ ತುಂಬುತ್ತದೆ. ಎನ್‌ಟಿಎಫ್‌ಎಸ್ ಅಥವಾ ಎಕ್ಸ್‌ಫ್ಯಾಟ್ ವಿನ್ಯಾಸದ ಡಿಸ್ಕ್ ಬಳಸುವುದೇ ಪರಿಹಾರ. ಡಿಸ್ಕಿನ ವಿನ್ಯಾಸ ಬದಲಿಸಲು ಫಾರ್ಮ್ಯಾಟ್ ಮಾಡಿದಲ್ಲಿ ಅದರಲ್ಲಿರುವ ಕಡತಗಳು ಅಳಿಸಿಹೋಗುತ್ತವೆ ಎಂಬುದನ್ನು ಗಮನದಲ್ಲಿಡತಕ್ಕದ್ದು.

(2) ಸುಮಾರು 10ನೇ ನಿಮಿಷಕ್ಕೆ ನಿಂತರೆ, ಬಳಸುತ್ತಿರುವ ಹಳೆಯ ತಂತ್ರಾಂಶದಲ್ಲಿ 2 ಜಿಬಿ ಮಿತಿಯಿರುವ ಸಂಭವವಿದೆ. ಬೇರೆ ತಂತ್ರಾಂಶ ಬಳಸಬೇಕು. ವಿಂಡೋಸ್‌ಗೆ ‘ವಿನ್‌ಡಿವಿ’ ಹಾಗೂ ಲಿನಕ್ಸ್‌ಗೆ ‘ಡಿವಿಗ್ರ್ಯಾಬ್’ ಎಂಬ ಉಚಿತ ತಂತ್ರಾಂಶಗಳಿವೆ. ಹಿಂದೆ ಹೆಚ್ಚು ಬಳಕೆಯಲ್ಲಿದ್ದ ‘ವಿಂಡೋಸ್ ಮೂವಿ ಮೇಕರ್’ ವಿತರಣೆಯನ್ನು 2017ರ ಜನವರಿಯಲ್ಲಿ ನಿಲ್ಲಿಸಲಾಗಿದೆ.

(3) ಟೇಪಿನ ಒಂದೇ ಜಾಗದಲ್ಲಿ ನಿಂತರೆ, ಅಲ್ಲಿ ಖಾಲಿ ಭಾಗವಿದ್ದು ಸಮಯಸಂಕೇತ ತುಂಡಾಗಿರುತ್ತದೆ. ಚಿತ್ರೀಕರಣದ ನಡುವೆ ಕ್ಯಾಸೆಟ್ ಹೊರತೆಗೆದಿದ್ದರೆ ಹೀಗಾಗುವುದುಂಟು. ತಂತ್ರಾಂಶದಲ್ಲಿ ‘ಫ್ರೇಮ್ ತಪ್ಪಿದಲ್ಲಿ ನಿಲ್ಲಿಸು’ ಎಂಬ ಅರ್ಥದ ಆಯ್ಕೆಯನ್ನು ತೆಗೆದುಹಾಕಬೇಕು, ಇಲ್ಲವೇ ಖಾಲಿ ಭಾಗದ ನಂತರದಿಂದ ಹೊಸ ಕಡತವಾಗಿ ವರ್ಗಾಯಿಸಬೇಕು. ಖಾಲಿ ಭಾಗ ಬಂದೊಡನೆ ಟೇಪು ಮುಗಿಯಿತೆಂದು ತಿಳಿಯಬಾರದು. ಕ್ಯಾಸೆಟ್ಟಿನ ಕೊನೆಯವರೆಗೂ ಓಡಿಸಿ ನೋಡತಕ್ಕದ್ದು.

(4) ನಿಲ್ಲುವ ಸಮಯವು ಪ್ರತಿ ಬಾರಿಯೂ ಬದಲಾಗುತ್ತಿದ್ದರೆ ಕೇಬಲ್ ಸಡಿಲವಾಗಿರಬಹುದು, ಇಲ್ಲವೇ ಗಣಕಯಂತ್ರವು ನಿದ್ರಾಸ್ಥಿತಿಗೆ ಹೋಗುತ್ತಿರಬಹುದು. ನಿದ್ರಾಸ್ಥಿತಿ ಮತ್ತು ಸ್ಕ್ರೀನ್ ಸೇವರ್ ಎರಡನ್ನೂ ತಾತ್ಕಾಲಿಕವಾಗಿ ನಿಲ್ಲಿಸಬೇಕು.

7. ಫ್ರೇಮುಗಳು ತಪ್ಪಿಹೋಗುವುದು

ದೃಶ್ಯವು ಜಿಗಿಯುತ್ತಾ ಸಾಗಿದರೆ, ಬರುತ್ತಿರುವ ದತ್ತಾಂಶವನ್ನು ಗಣಕಯಂತ್ರವು ಅದೇ ವೇಗದಲ್ಲಿ ಬರೆದುಕೊಳ್ಳುತ್ತಿಲ್ಲ ಎಂದರ್ಥ. ವರ್ಗಾವಣೆಯ ವೇಳೆ ಇತರ ತಂತ್ರಾಂಶಗಳನ್ನು ಮುಚ್ಚಬೇಕು. ವೈರಸ್ ನಿರೋಧಕ ತಂತ್ರಾಂಶದ ಪೂರ್ಣ ತಪಾಸಣೆಯನ್ನು ಬೇರೆ ವೇಳೆಗೆ ನಿಗದಿಪಡಿಸಬೇಕು. ಗಣಕಯಂತ್ರದ ಒಳಗಿನ ಡಿಸ್ಕಿಗೆ ಮೊದಲು ಬರೆದು ನಂತರ ಹೊರಗಿನ ಡಿಸ್ಕಿಗೆ ನಕಲು ಮಾಡುವುದು ಸೂಕ್ತ. ವರ್ಗಾಯಿಸುವಾಗಲೇ ದೃಶ್ಯವನ್ನು ಎಂಪಿ-4 ಮುಂತಾದ ಕುಗ್ಗಿಸಿದ ರೂಪಕ್ಕೆ ಬದಲಿಸಬಾರದು. ಫೈರ್‌ವೈರ್ ಮೂಲಕ ಡಿವಿ ದತ್ತಾಂಶವು ಟೇಪಿನಲ್ಲಿರುವಂತೆಯೇ ಬರುತ್ತದೆ. ಅದನ್ನು ಹಾಗೆಯೇ ಉಳಿಸಿಕೊಂಡು, ನೋಡಲು ಮತ್ತು ಹಂಚಲು ಬೇಕಾದ ಸಣ್ಣ ಪ್ರತಿಯನ್ನು ನಂತರ ಸಿದ್ಧಪಡಿಸಬಹುದು.

8. ದೃಶ್ಯದಲ್ಲಿ ಚೌಕಗಳು ಮತ್ತು ಪಟ್ಟೆಗಳು

ಡಿಜಿಟಲ್ ಟೇಪಿನಲ್ಲಿ ಓದಲಾಗದ ಭಾಗವು ಸಣ್ಣ ಚೌಕಗಳಾಗಿ ಕಾಣುತ್ತದೆ. ಪರದೆಯ ಉದ್ದಕ್ಕೂ ಒಂದು ಬಿಟ್ಟು ಒಂದರಂತೆ ಅಡ್ಡಪಟ್ಟೆಗಳು ಮೂಡಿದರೆ, ಎರಡು ಹೆಡ್‌ಗಳ ಪೈಕಿ ಒಂದು ಕೊಳೆಯಿಂದ ಮುಚ್ಚಿದೆ ಎಂದು ತಿಳಿಯಬೇಕು. ಇದಕ್ಕೆ ಒಣ ಬಗೆಯ ಕ್ಲೀನಿಂಗ್ ಕ್ಯಾಸೆಟ್ಟನ್ನು ತಯಾರಕರು ಸೂಚಿಸಿದಷ್ಟೇ ಸೆಕೆಂಡು ಓಡಿಸಬೇಕು. ಅದು ಹೆಡ್ಡನ್ನು ಉಜ್ಜುವುದರಿಂದ ಅತಿಯಾದ ಬಳಕೆಯು ಹೆಡ್ಡನ್ನೇ ಸವೆಸುತ್ತದೆ. ಬೆರಳಿನಿಂದ ಅಥವಾ ಹತ್ತಿಯಿಂದ ಹೆಡ್ ಒರೆಸಲು ಯತ್ನಿಸಬಾರದು.

ಎಲ್‌ಪಿ ಕ್ರಮದಲ್ಲಿ ಮುದ್ರಿಸಿದ ಟೇಪುಗಳು ಬೇರೆ ಕ್ಯಾಮೆರಾದಲ್ಲಿ ಸರಿಯಾಗಿ ಓಡದಿರುವುದು ಸಾಮಾನ್ಯ. ಎಸ್‌ಪಿ ಕ್ರಮದಲ್ಲಿ 10 ಮೈಕ್ರಾನ್ ಇರುವ ಪ್ರತಿ ಗೆರೆಯ ಅಗಲವು ಎಲ್‌ಪಿಯಲ್ಲಿ ಸುಮಾರು 6.7 ಮೈಕ್ರಾನ್‌ಗೆ ಇಳಿಯುವುದೇ ಇದಕ್ಕೆ ಕಾರಣ. ಸಾಧ್ಯವಾದಲ್ಲಿ ಚಿತ್ರೀಕರಿಸಿದ ಕ್ಯಾಮೆರಾದಲ್ಲಿಯೇ ಓಡಿಸಬೇಕು. ಆದುದರಿಂದ ವರ್ಗಾವಣೆ ಪೂರ್ಣಗೊಳ್ಳುವವರೆಗೆ ಹಳೆಯ ಕ್ಯಾಮೆರಾವನ್ನು ಗುಜರಿಗೆ ಹಾಕಬಾರದು.

ಹೆಡ್ ಶುಚಿಯಾದ ನಂತರವೂ ಅಲ್ಲಲ್ಲಿ ಚೌಕಗಳು ಉಳಿದರೆ, ಆ ಟೇಪನ್ನು ಎರಡು ಬಾರಿ ವರ್ಗಾಯಿಸಿ ಎರಡೂ ಕಡತಗಳನ್ನು ಇಟ್ಟುಕೊಳ್ಳಬಹುದು. ಒಮ್ಮೆ ಓದಲಾಗದ ಫ್ರೇಮು ಮತ್ತೊಮ್ಮೆ ಓದಲು ಸಿಗುವುದುಂಟು. ‘ಡಿವಿರೆಸ್ಕ್ಯೂ’ ಎಂಬ ಮುಕ್ತ ತಂತ್ರಾಂಶವು ದೋಷವಿರುವ ಫ್ರೇಮುಗಳನ್ನು ಪಟ್ಟಿ ಮಾಡಿ, ಬೇರೆ ಬೇರೆ ವರ್ಗಾವಣೆಗಳ ಒಳ್ಳೆಯ ಭಾಗಗಳನ್ನು ಕೂಡಿಸಲು ನೆರವಾಗುತ್ತದೆ.

9. ಧ್ವನಿಯ ತೊಂದರೆಗಳು

ಡಿವಿ ಟೇಪಿನಲ್ಲಿ ಧ್ವನಿಯನ್ನು 16 ಬಿಟ್, 48 ಕಿಲೋಹರ್ಟ್ಸ್ ಅಥವಾ 12 ಬಿಟ್, 32 ಕಿಲೋಹರ್ಟ್ಸ್ ಕ್ರಮದಲ್ಲಿ ಮುದ್ರಿಸಲಾಗಿರುತ್ತದೆ. ಒಂದೇ ಟೇಪಿನಲ್ಲಿ ಎರಡೂ ಕ್ರಮಗಳಿದ್ದರೆ ತಂತ್ರಾಂಶವು ಮೊದಲಿನ ಕ್ರಮವನ್ನೇ ಮುಂದುವರಿಸಿ ಧ್ವನಿಯನ್ನು ಕೆಡಿಸುವುದುಂಟು. ಕ್ರಮ ಬದಲಾಗುವಲ್ಲಿ ನಿಲ್ಲಿಸಿ ಪ್ರತ್ಯೇಕ ಕಡತವಾಗಿ ವರ್ಗಾಯಿಸಬೇಕು. ತುಟಿಯ ಚಲನೆ ಮತ್ತು ಮಾತು ಕ್ರಮೇಣ ಬೇರೆಯಾಗುತ್ತಾ ಹೋದರೆ ಮೊದಲು ಫ್ರೇಮುಗಳು ತಪ್ಪಿವೆಯೇ ಎಂದು ನೋಡಬೇಕು. ತಪ್ಪಿಲ್ಲವಾದರೆ ದೀರ್ಘ ಕಡತವನ್ನು 15ರಿಂದ 20 ನಿಮಿಷಗಳ ಭಾಗಗಳಾಗಿ ವರ್ಗಾಯಿಸುವುದರಿಂದ ಅಂತರವು ಬೆಳೆಯುವುದಿಲ್ಲ.

10. ಅನಲಾಗ್ ಕ್ಯಾಸೆಟ್ಟುಗಳಿಗೆ ಸಂಬಂಧಿಸಿದಂತೆ

(1) ದೃಶ್ಯವು ಕಪ್ಪು ಬಿಳುಪಾಗಿ ಕಂಡರೆ ಅಥವಾ ಉರುಳುತ್ತಿದ್ದರೆ ತಂತ್ರಾಂಶದಲ್ಲಿ ತಪ್ಪು ಪದ್ಧತಿ ಆಯ್ಕೆಯಾಗಿರುತ್ತದೆ. ಭಾರತದ ಕ್ಯಾಮೆರಾಗಳು ಪಾಲ್ ಪದ್ಧತಿಯವು. ಅಮೆರಿಕದಲ್ಲಿ ನೆಲೆಸಿದ ಬಂಧುಗಳು ತಂದ ಅಥವಾ ಕಳುಹಿಸಿದ ಕ್ಯಾಸೆಟ್ಟುಗಳು ಎನ್‌ಟಿಎಸ್‌ಸಿ ಪದ್ಧತಿಯವಾಗಿರುತ್ತವೆ. ಅವುಗಳಿಗೆ ಅದೇ ಪದ್ಧತಿಯ ಕ್ಯಾಮೆರಾ ಬೇಕಾಗಬಹುದು.

(2) ದೃಶ್ಯ ಅಥವಾ ಧ್ವನಿ ಬಾರದಿದ್ದರೆ ತಂತ್ರಾಂಶದಲ್ಲಿ ‘ಕಾಂಪೋಸಿಟ್’ ಅಥವಾ ‘ಎಸ್-ವಿಡಿಯೋ’ ಎಂಬ ಆಯ್ಕೆಯು ಜೋಡಣೆಗೆ ತಕ್ಕಂತಿದೆಯೇ ಎಂದು ನೋಡಬೇಕು. ಎಸ್-ವಿಡಿಯೋ ಕೇಬಲ್ ಧ್ವನಿಯನ್ನು ಒಯ್ಯುವುದಿಲ್ಲ. ಬಿಳಿ ಮತ್ತು ಕೆಂಪು ಪಿನ್ನುಗಳನ್ನೂ ಜೋಡಿಸಬೇಕು. ವಿಂಡೋಸ್ 10 ಮತ್ತು 11ರಲ್ಲಿ ಕ್ಯಾಮೆರಾ ಹಾಗೂ ಮೈಕ್ರೋಫೋನ್ ಬಳಕೆಗೆ ಅನುಮತಿ ನೀಡದಿದ್ದರೂ ಹೀಗಾಗುತ್ತದೆ.

(3) ಟೇಪಿನ ಸಂಕೇತ ದುರ್ಬಲವಾದಾಗ ಕ್ಯಾಪ್ಚರ್ ಸಾಧನವು ನೀಲಿ ಅಥವಾ ಕಪ್ಪು ಪರದೆ ತೋರಿಸಿ ಧ್ವನಿಯನ್ನೂ ಕಡಿಯುವುದುಂಟು. ಸಂಕೇತವನ್ನು ಸ್ಥಿರಗೊಳಿಸುವ ‘ಟೈಮ್ ಬೇಸ್ ಕರೆಕ್ಟರ್’ ಸೌಲಭ್ಯ ಕೆಲವು ಹೈ-8 ಕ್ಯಾಮೆರಾಗಳಲ್ಲಿ ‘ಟಿಬಿಸಿ’ ಎಂಬ ಹೆಸರಿನಲ್ಲಿದೆ. ಅದನ್ನು ಚಾಲನೆಯಲ್ಲಿಡಬೇಕು.

11. ದೋಷವಲ್ಲದ ಲಕ್ಷಣಗಳು

ಚಲಿಸುವ ವಸ್ತುಗಳ ಅಂಚಿನಲ್ಲಿ ಬಾಚಣಿಗೆಯ ಹಲ್ಲಿನಂತಹ ಗೆರೆಗಳು ಕಂಡರೆ ಅದು ದೋಷವಲ್ಲ. ಹಳೆಯ ದೂರದರ್ಶಕಗಳಿಗಾಗಿ ಪ್ರತಿ ಫ್ರೇಮನ್ನು ಎರಡು ಅರೆಚಿತ್ರಗಳಾಗಿ ಮುದ್ರಿಸುತ್ತಿದ್ದುದರ ಪರಿಣಾಮವಿದು. ಮೂಲ ಕಡತದಲ್ಲಿ ಇದನ್ನು ಅಳಿಸದೆ, ವೀಕ್ಷಣೆಯ ಪ್ರತಿಯಲ್ಲಿ ಮಾತ್ರ ಸರಿಪಡಿಸಬೇಕು. ಅನಲಾಗ್ ದೃಶ್ಯದ ಕೆಳ ಅಂಚಿನಲ್ಲಿ ಅಲುಗಾಡುವ ತೆಳುವಾದ ಪಟ್ಟಿಯೂ ಸಹಜವಾದುದೇ.

12. ತಾಳೆ ನೋಡುವುದು ಮತ್ತು ಸಂರಕ್ಷಣೆ

ಕಡತ ಸಿದ್ಧವಾದ ಮಾತ್ರಕ್ಕೆ ವರ್ಗಾವಣೆ ಪೂರ್ಣಗೊಂಡಿತೆಂದು ತಿಳಿಯಬಾರದು. ಪ್ರತಿ ಕ್ಯಾಸೆಟ್ಟಿಗೂ ಒಂದು ಸಂಖ್ಯೆ ನೀಡಿ, ವಹಿಯೊಂದರಲ್ಲಿ ಸಂಖ್ಯೆ, ವಿಷಯ, ಚಿತ್ರೀಕರಣದ ದಿನಾಂಕ, ಟೇಪಿನ ಅವಧಿ, ಕಡತದ ಹೆಸರು, ಕಡತದ ಗಾತ್ರ ಮತ್ತು ಕಂಡುಬಂದ ದೋಷಗಳನ್ನು ನಮೂದಿಸಬೇಕು. ದೃಶ್ಯದಲ್ಲಿರುವವರ ಹೆಸರುಗಳನ್ನು, ಅವರನ್ನು ಗುರುತಿಸಬಲ್ಲ ಹಿರಿಯರು ಇರುವಾಗಲೇ ಕೇಳಿ ಬರೆದುಕೊಳ್ಳುವುದು ಅತ್ಯವಶ್ಯ.

ಡಿವಿ ಕಡತವನ್ನು ಸುಲಭವಾಗಿ ತಾಳೆ ನೋಡಬಹುದು. ಪಾಲ್ ಪದ್ಧತಿಯಲ್ಲಿ ಒಂದು ಫ್ರೇಮು 1,44,000 ಬೈಟುಗಳು. ಸೆಕೆಂಡಿಗೆ 25ರಂತೆ ನಿಮಿಷಕ್ಕೆ 1,500 ಫ್ರೇಮುಗಳು, ಅಂದರೆ 21.6 ಕೋಟಿ ಬೈಟುಗಳು. ಉದಾಹರಣೆಗೆ, 42 ನಿಮಿಷಗಳ ಟೇಪಿನ ಕಡತವು 907.2 ಕೋಟಿ ಬೈಟುಗಳಿರಬೇಕು. ಎವಿಐ ಬಗೆಯ ಕಡತದಲ್ಲಿ ಇದಕ್ಕಿಂತ ಸ್ವಲ್ಪ ಹೆಚ್ಚಿರಬಹುದು. ಕಡಿಮೆಯಿದ್ದಲ್ಲಿ ಫ್ರೇಮುಗಳು ತಪ್ಪಿವೆ ಎಂದು ತಿಳಿದು ಮತ್ತೊಮ್ಮೆ ವರ್ಗಾಯಿಸಬೇಕು. ವಿಂಡೋಸ್ ತೋರಿಸುವ ಜಿಬಿ ಲೆಕ್ಕವು 1,024ರ ಗುಣಕದಲ್ಲಿರುವುದರಿಂದ, ಕಡತದ ‘ಪ್ರಾಪರ್ಟೀಸ್’ನಲ್ಲಿ ಬೈಟುಗಳಲ್ಲಿ ನೀಡಿದ ಸಂಖ್ಯೆಯನ್ನೇ ಪರಿಗಣಿಸತಕ್ಕದ್ದು. ಒಂದು ಗಂಟೆಯ ಕ್ಯಾಸೆಟ್ಟಿಗೆ ಸುಮಾರು 13 ಜಿಬಿ ಸ್ಥಳ ಬೇಕಾಗುತ್ತದೆ.

ತಾಳೆಯಾದ ಕಡತವನ್ನು ಕನಿಷ್ಠ ಎರಡು ಬೇರೆ ಡಿಸ್ಕುಗಳಲ್ಲಿ ಇಡಬೇಕು. ಒಂದು ಡಿಸ್ಕನ್ನು ಬೇರೆ ಮನೆಯಲ್ಲಿ ಅಥವಾ ಕಚೇರಿಯಲ್ಲಿ ಇಡುವುದರಿಂದ ಬೆಂಕಿ, ನೆರೆ ಮತ್ತು ಕಳ್ಳತನದಿಂದ ಎರಡೂ ಒಮ್ಮೆಗೇ ನಷ್ಟವಾಗುವುದು ತಪ್ಪುತ್ತದೆ. ವರ್ಷಕ್ಕೊಮ್ಮೆ ಡಿಸ್ಕುಗಳನ್ನು ಜೋಡಿಸಿ ಕಡತಗಳು ತೆರೆಯುತ್ತವೆಯೇ ಎಂದು ಪರಿಶೀಲಿಸಬೇಕು. ಕ್ಯಾಸೆಟ್ಟುಗಳನ್ನು ಪೂರ್ಣವಾಗಿ ಹಿಂದಕ್ಕೆ ಸುತ್ತಿ, ಪೆಟ್ಟಿಗೆಯಲ್ಲಿ ಲಂಬವಾಗಿ ನಿಲ್ಲಿಸಿ, ಬಿಸಿಲು, ತೇವ ಮತ್ತು ಧ್ವನಿವರ್ಧಕಗಳಿಂದ ದೂರವಿಡಬೇಕು.

ಕೆಲಸವನ್ನು ಸ್ಟುಡಿಯೋ ಅಥವಾ ಅಂಗಡಿಗೆ ಒಪ್ಪಿಸುವುದಾದಲ್ಲಿ ಕ್ಯಾಸೆಟ್ಟುಗಳ ಸಂಖ್ಯೆ ನಮೂದಿಸಿದ ರಸೀದಿ ಪಡೆಯಬೇಕು. ಡಿವಿಡಿ ಮಾತ್ರ ಸಾಲದು. ಅದರಲ್ಲಿ ದೃಶ್ಯವನ್ನು ಕುಗ್ಗಿಸಲಾಗಿರುತ್ತದೆ. ಮೂಲ ಡಿವಿ ಕಡತವನ್ನು ಹಾರ್ಡ್ ಡಿಸ್ಕಿನಲ್ಲಿ ನೀಡುವಂತೆ ಮೊದಲೇ ತಿಳಿಸಿ, ಕ್ಯಾಸೆಟ್ಟುಗಳನ್ನು ಹಿಂಪಡೆಯಬೇಕು.

13. ಮುಕ್ತಾಯ

ವರ್ಗಾವಣೆ ಯಶಸ್ವಿಯಾದ ನಂತರವೂ ಮೂಲ ಕ್ಯಾಸೆಟ್ಟನ್ನು ನಾಶಪಡಿಸಬಾರದು. ಇಂದು ಓದಲಾಗದ ಭಾಗವನ್ನು ಮತ್ತೊಂದು ಉತ್ತಮ ಯಂತ್ರದಿಂದ ಓದುವ ಅವಕಾಶ ಅದರಿಂದ ಉಳಿಯುತ್ತದೆ. ಹಲವು ಕ್ಯಾಸೆಟ್ಟುಗಳಿದ್ದಲ್ಲಿ, ಈಗ ಇಲ್ಲದವರ ಮುಖ ಮತ್ತು ಧ್ವನಿಯಿರುವ ಕ್ಯಾಸೆಟ್ಟುಗಳನ್ನು ಮೊದಲು ಕೈಗೆತ್ತಿಕೊಳ್ಳುವುದು, ಕ್ಯಾಮೆರಾ ಸುಸ್ಥಿತಿಯಲ್ಲಿರುವಾಗಲೇ ಕಾರ್ಯವನ್ನು ಪೂರ್ಣಗೊಳಿಸುವುದು ಸೂಕ್ತ. ಸಾರ್ವಜನಿಕರು ಹಾಗೂ ಸಂಘ ಸಂಸ್ಥೆಗಳು ಮೇಲ್ಕಂಡ ಮಾಹಿತಿಯ ಸದುಪಯೋಗ ಪಡೆದುಕೊಳ್ಳುವಂತೆ ಕೋರಲಾಗಿದೆ.